ಕೆಂಪು ಬಟ್ಟೆಯ ಗೈಡು

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ಮೊಳ ಕೆಂಪು ಬಟ್ಟೆ. ಅದನ್ನು ದಪ್ಪ ಪುಸ್ತಕವೊಂದಕ್ಕೆ ಹೊದಿಸಿ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ದೇವಿಯ ಚಿತ್ರವನ್ನು ಮೇಲೆ ಅಂಟಿಸಿದವರು ರಾಜಾಜಿನಗರದ ಲಕ್ಷ್ಮೀಪತಿ ಮೇಷ್ಟ್ರು. ಒಳಗಿದ್ದದ್ದು ಹತ್ತನೆಯ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಒಂದೇ ಹೊಲಿಗೆಯಲ್ಲಿ ಬಿಗಿದ ಗೈಡು.

ಮೇಷ್ಟ್ರ ವಿಷಯ ಇತಿಹಾಸ. ವಿಜಯನಗರದ ಖಾಸಗಿ ಹೈಸ್ಕೂಲೊಂದರಲ್ಲಿ ಆರು ವರ್ಷದಿಂದ ತಾತ್ಕಾಲಿಕ ನೌಕರಿ. ಆ ವರ್ಷ ವಿಜ್ಞಾನದ ಮೇಷ್ಟ್ರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಅವರು ಹೊರಟುಹೋದಾಗ, ಹೆಡ್‌ಮಾಸ್ಟರು ಇವರ ಹೆಗಲ ಮೇಲೆ ಕೈಯಿಟ್ಟು, "ಅಶೋಕನ ಬಗ್ಗೆ ಅಷ್ಟು ಚೆನ್ನಾಗಿ ಹೇಳ್ತೀರಿ, ಆಮ್ಲಜನಕದ ಬಗ್ಗೆ ಹೇಳಕ್ಕಾಗಲ್ವೇನ್ರೀ?" ಎಂದಿದ್ದರು. ಹೆಗಲ ಮೇಲಿನ ಕೈ ಹೋಯಿತು, ಭಾರ ಉಳಿಯಿತು.

ಗೈಡಿಲ್ಲದೆ ಗತಿಯಿರಲಿಲ್ಲ. ಆದರೆ ಮಕ್ಕಳ ಕೈಯಲ್ಲಿ ಗೈಡು ಕಂಡರೆ ಕಿತ್ತುಕೊಂಡು ಎರಡು ತುಂಡು ಮಾಡುತ್ತಿದ್ದವರೂ ಇದೇ ಲಕ್ಷ್ಮೀಪತಿಯೇ. ಹೀಗಾಗಿ ಕೆಂಪು ಬಟ್ಟೆ. ಅವರು ತರಗತಿಯಲ್ಲಿ ಆ ಪುಸ್ತಕವನ್ನು ಒಮ್ಮೆ ತೆರೆದು ನೋಡಿ, ಮುಚ್ಚಿ, ಕಣ್ಣನ್ನೂ ಮುಚ್ಚಿ, ನೋಡಿದ ಎರಡು ಸಾಲನ್ನು ಮರೆಯುವ ಮೊದಲೇ ಒಪ್ಪಿಸಿಬಿಡುತ್ತಿದ್ದರು. ಮೇಷ್ಟ್ರು ದೇವಿಯನ್ನು ನೆನೆದೇ ಬಾಯಿ ತೆರೆಯುತ್ತಾರೆಂದು ಶಾಲೆಯಲ್ಲಿ ಹೆಸರಾಯಿತು.

ಅಂದು ಸರಸ್ವತಿ ಪೂಜೆ. ದಸರಾ ರಜೆಯಾದರೂ ಹತ್ತನೆಯ ತರಗತಿಗೆ ಮಧ್ಯಾಹ್ನ ಮೂರಕ್ಕೆ ವಿಶೇಷ ಪಾಠವಿತ್ತು. ಶಾಲೆಯ ಸಮಿತಿಯ ಸೆಕ್ರೆಟರಿ, ಮಾರೇನಹಳ್ಳಿಯ ಉಗ್ರಪ್ಪನವರು ಖುದ್ದಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರುವವರಿದ್ದರು. ಪಾಠ ಮೆಚ್ಚಿದರೆ ಖಾಯಂ ಆರ್ಡರಿಗೆ ಸಹಿ. ಪಾಠ: ಮೊದಲ ಇಪ್ಪತ್ತು ಮೂಲವಸ್ತುಗಳು.

ಹನ್ನೊಂದು ಗಂಟೆಗೆ ಸ್ನಾನ ಮುಗಿಸಿ ಬಂದ ಮೇಷ್ಟ್ರು ಮೇಜಿನ ಮೇಲೆ ಕೈಯಾಡಿಸಿದರು. ಪುಸ್ತಕವಿಲ್ಲ.

"ಅಲಮೇಲು, ಇಲ್ಲಿದ್ದ ಪುಸ್ತಕ?"

"ಆ ಕೆಂಪುದಾ? ಅನಂತಲಕ್ಷ್ಮಿಯವರ ಮನೇಲಿ ಇವತ್ತು ಪಾರಾಯಣ ಅಲ್ವಾ? ಅವರ ಪುಸ್ತಕ ಪುಡಿಪುಡಿಯಾಗಿದೆಯಂತೆ. ಕೊಟ್ಟುಕಳಿಸ್ದೆ," ಎಂದಳು ಹೆಂಡತಿ ಒಲೆಯ ಕಡೆಯಿಂದ. "ಪುಣ್ಯ ಬರತ್ತೆ ಬಿಡಿ."

ಮೇಷ್ಟ್ರಿಗೆ ಬಂದದ್ದು ಬೆವರು. ಪಂಚೆಯಲ್ಲೇ ಓಡಿದರು.

ಮೂರನೆಯ ಮನೆಯ ಹಜಾರದಲ್ಲಿ ಬ್ಲಾಕಿನ ಭಜನಾ ಮಂಡಳಿಯ ಹನ್ನೊಂದು ಹೆಂಗಸರು ಕೂತಿದ್ದರು. ಗೈಡು ಪೀಠವೇರಿತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು, ಹೊಸದಾಗಿ ಗೃಹಪ್ರವೇಶವಾದ ಸೊಸೆಯಂತೆ ಗಂಭೀರವಾಗಿತ್ತು. ಅದನ್ನಿನ್ನೂ ಯಾರೂ ತೆರೆದಿರಲಿಲ್ಲ.

"ಬನ್ನಿ ಮೇಷ್ಟ್ರೇ, ಸರಿಯಾದ ಹೊತ್ತಿಗೆ ಬಂದ್ರಿ," ಎಂದರು ಅನಂತಲಕ್ಷ್ಮಿ.

"ಆ ಪುಸ್ತಕ... ನಮ್ಮನೇಲೂ ಸ್ವಲ್ಪ ಬೇಕಾಗಿತ್ತು."

"ಇರ್ಲಿ ಕೂತ್ಕೊಳಿ. ಪಾರಾಯಣ ನಮಗೆಲ್ಲ ಬಾಯಿಪಾಠ, ಎದುರಿಗೆ ಒಂದು ಪುಸ್ತಕ ಇರ್ಬೇಕು ಅಷ್ಟೆ. ಈಗ ತಾನೇ ಮುಗೀತು."

ಮೇಷ್ಟ್ರ ಹೋದ ಜೀವ ಬಾಗಿಲವರೆಗೆ ಮರಳಿತು. ಅಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಹಿರಿಯ ಹೆಂಗಸು, ಮಾರೇನಹಳ್ಳಿಯಿಂದ ಬಂದಿದ್ದ ಬೋರಮ್ಮ, ಬಾಯಿ ಹಾಕಿದರು. "ಅಲ್ಲಾ ಮೇಷ್ಟ್ರೇ, ನಿಮ್ ಪುಸ್ತ್ಕ ಬೋ ದಪ್ಪ ಐತೆ. ನಮಗೆ ಗೊತ್ತಿಲ್ದೇ ಇರೋ ಸ್ತೋತ್ರ ಇರಬೈದು. ಒಂದು ಓದ್ರಪ್ಪಾ, ಕೇಳಾನ."

"ಹೌದು ಮೇಷ್ಟ್ರೇ, ಓದಿ ಓದಿ!" ಎಂದವು ಹತ್ತು ಕಂಠಗಳು. ಯಾರೋ ಪೀಠವನ್ನೇ ಅವರೆದುರಿಗೆ ಸರಿಸಿದರು.

ಓದದಿದ್ದರೆ ಬೇರೆ ಯಾರಾದರೂ ತೆರೆಯುತ್ತಾರೆ. ತೆರೆದರೆ ಮಾನ ಹೋಗುತ್ತದೆ. ಮೇಷ್ಟ್ರು ಪುಸ್ತಕವನ್ನು ತಮ್ಮೆಡೆಗೇ ವಾಲಿಸಿಕೊಂಡು ತೆರೆದರು. ಗುರುತಿಟ್ಟ ಪುಟವೇ ಸಿಕ್ಕಿತು: ಮೂಲವಸ್ತುಗಳ ಪಟ್ಟಿ. ತಾತ ಬಾಲ್ಯದಲ್ಲಿ ಕಲಿಸಿದ ಶ್ಲೋಕಗಳ ಲಯ ಎಲ್ಲಿತ್ತೋ ಏನೋ, ಬತ್ತಿದ ಬಾವಿಯಲ್ಲಿ ನೀರು ಜಿನುಗಿದಂತೆ ಗಂಟಲಿಗೆ ಬಂತು.

"ಹೈಡ್ರೋಜಂ ಹೀಲಿಯಂ ಚೈವ ಲೀಥಿಯಂ ಬೆರಿಲಂ ತಥಾ
ಬೋರನಂ ಕಾರ್ಬನಂ ಚೈವ ನೈಟ್ರೋಜನಮಹಂ ಭಜೇ..."

ಹೆಂಗಸರು ಕೈಮುಗಿದರು. ಬೋರಮ್ಮನವರ ಕಣ್ಣಂಚು ಒದ್ದೆಯಾಯಿತು. ಅಡುಗೆಮನೆಯ ಬಾಗಿಲಲ್ಲಿ ಮಾತ್ರ ಅನಂತಲಕ್ಷ್ಮಿಯ ಮಗಳು ಕೋಕಿಲಾ, ಮೇಷ್ಟ್ರ ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಲಂಗದ ಮೇಲಿನ ದಾವಣಿಯನ್ನು ಬಾಯಿಗೆ ತುರುಕಿಕೊಂಡು ಕಂಬಕ್ಕೆ ಆನಿಕೊಂಡಿದ್ದಳು.

"ಇದು ಯಾವ ಅಧ್ಯಾಯ ಮೇಷ್ಟ್ರೇ? ಕೇಳೇ ಇರ್ಲಿಲ್ವಲ್ಲ," ಎಂದರು ಅನಂತಲಕ್ಷ್ಮಿ.

"ಇದು... ಬಹಳ ಅಪರೂಪ ತಾಯಿ. ಲೋಕವೆಲ್ಲ ಇದರಿಂದಲೇ ಆಗಿದೆ ಅಂತಾರೆ."

ಅದೇನೂ ಸುಳ್ಳಲ್ಲ.

"ಹಂಗಾರೆ ನಮ್ಗೂ ಯೋಳ್ಕೊಡಿ!" ಎಂದರು ಬೋರಮ್ಮ.

ಹನ್ನೊಂದು ಹೆಂಗಸರು ಹನ್ನೊಂದು ಸಲ ಹೇಳಿದರು. ಇಪ್ಪತ್ತನೆಯದಾದ ಕ್ಯಾಲ್ಸಿಯಂ ತಲುಪಿದಾಗಲೆಲ್ಲ ಗಂಟೆ ಬಾರಿಸಿದರು. ಮಂಗಳಾರತಿಯಾಗಿ ಮೇಷ್ಟ್ರು ಪುಸ್ತಕಕ್ಕೆ ಕೈ ಚಾಚಿದರೆ ಅನಂತಲಕ್ಷ್ಮಿ ಹೌಹಾರಿದರು. "ಅಯ್ಯೋ, ಸರಸ್ವತಿ ಪೂಜೆಗೆ ಇಟ್ಟಿದ್ದನ್ನ ವಿಜಯದಶಮಿವರೆಗೂ ಎತ್ತೋಹಾಗಿಲ್ಲ! ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಪುಸ್ತಕ ಅಲ್ಲೇ ಉಳಿಯಿತು. ಮೇಷ್ಟ್ರು ಬರಿಗೈಯಲ್ಲಿ, ಗಲ್ಲಿಗೇರುವವನ ನಡಿಗೆಯಲ್ಲಿ, ಮಾಗಡಿ ರಸ್ತೆ ದಾಟಿ ಶಾಲೆ ಸೇರಿದರು.

ಹೆಡ್‌ಮಾಸ್ಟರು ಮೈಸೂರಿಗೆ ಹೋಗಿದ್ದರು. ಮಕ್ಕಳೂ ಬರಿಗೈಯಲ್ಲೇ ಬಂದಿದ್ದರು. ಅವರ ಪುಸ್ತಕಗಳೂ ಪೂಜೆಯಲ್ಲಿದ್ದವು. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬಂದ ಉಗ್ರಪ್ಪ ಹಿಂದಿನ ಬೆಂಚಿನಲ್ಲಿ ಕೂತು, "ಶುರು ಮಾಡಿ ಮೇಷ್ಟ್ರೇ," ಎಂದರು.

ಮೇಷ್ಟ್ರು ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು. ಆಗ ನಡೆಯಿತು ಪವಾಡ. ಹನ್ನೊಂದು ಸಲ ಹೇಳಿಕೊಟ್ಟದ್ದು ಎದೆಯಲ್ಲಿ ಅಚ್ಚೊತ್ತಿ ನಿಂತಿತ್ತು! ಇಪ್ಪತ್ತೂ ಮೂಲವಸ್ತುಗಳು ಒಂದೂ ಹೆಜ್ಜೆ ತಪ್ಪದೆ, ಕೈಕೈ ಹಿಡಿದು, ಸಾಲಾಗಿ ಬಂದವು. ಕಾಲು ವರ್ಷದಲ್ಲಿ ಮೊದಲ ಬಾರಿಗೆ ಅವರು ಕದಿಯದೆ ಪಾಠ ಹೇಳಿದರು. ಮಕ್ಕಳು ಅದೇ ರಾಗದಲ್ಲಿ ಹೇಳಿದರು. ಹೆಂಚಿನ ಮಾಡು ಝೇಂಕರಿಸಿತು. ಇನ್ನು ಒಂದೊಂದರ ಗುಣ ವಿವರಿಸಬೇಕು. ಮೇಷ್ಟ್ರು ಹೆಮ್ಮೆಯಿಂದ ಸೀಮೆಸುಣ್ಣ ಎತ್ತಿಕೊಂಡರು.

"ನಿಲ್ಸಿ ಮೇಷ್ಟ್ರೇ." ಉಗ್ರಪ್ಪ ಎದ್ದು ನಿಂತು ಕೈಮುಗಿದಿದ್ದರು. "ಇದೇ ಅಲ್ವಾ, ನಮ್ಮವ್ವ ಬೋರಮ್ಮ ಪಾರಾಯಣದಿಂದ ಕಲ್ತುಕೊಂಡು ಬಂದಿದ್ದು? ಊಟಕ್ಕೂ ಕೂರ್ದೆ ದೇವರ ಮನೇಲಿ ಇದನ್ನೇ ಹೇಳ್ತಾವ್ರೆ. ಹೀಲಿಯಂ ಅಂದಾಗ ಕಣ್ಣಲ್ಲಿ ನೀರು."

ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಬಿತ್ತು.

"ಭಕ್ತಿ ಸರಿ. ಆದ್ರೆ ಇದು ಸೈನ್ಸ್ ಕ್ಲಾಸಲ್ವಾ? ಲೇ ಹುಡುಗಿ, ಮೇಷ್ಟ್ರು ಈಗ ಹೇಳಿದ್ದು ಏನಮ್ಮಾ?"

ಕೋಕಿಲಾ ಎದ್ದಳು. ವಿಜ್ಞಾನ ಎಂದು ಹೇಳಿದರೆ ಮೇಷ್ಟ್ರು ಸೆಕ್ರೆಟರಿಯ ತಾಯಿಯನ್ನು ದೇವಿಯೆದುರು ಮೋಸಗೊಳಿಸಿದರೆಂದಂತೆ. ಸ್ತೋತ್ರ ಎಂದು ಹೇಳಿದರೆ ಪಾಠವೇ ನಡೆಯಲಿಲ್ಲವೆಂದಂತೆ. ಅವಳು ಮೇಷ್ಟ್ರ ಮುಖ ನೋಡಿದಳು. ಪಾಪವೆನಿಸಿತು.

"ಪ್ರಾರ್ಥನೆ ಸಾರ್," ಎಂದಳು ಮೆಲ್ಲಗೆ.

"ಅಂದ್ಕೊಂಡೆ," ಎಂದು ಉಗ್ರಪ್ಪ ನಿಟ್ಟುಸಿರಿಟ್ಟರು. ಹತ್ತಿರ ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಂಥ ದೈವಭಕ್ತರಿಗೆ ಬೈಯೋ ಹಾಗಿಲ್ಲ. ಆದ್ರೆ ಅರ್ಧ ಗಂಟೆ ಆಯ್ತು, ಸೈನ್ಸಿಂದು ಒಂದು ಅಕ್ಷರ ಬರ್ಲಿಲ್ಲ. ಖಾಯಂ ವಿಚಾರ ಮುಂದಿನ ವರ್ಷ ನೋಡಾನ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಅಂದಂಗೆ, ಪ್ರತಿ ಶುಕ್ರವಾರ ಸಂಜೆ ನಮ್ಮನೆಗೆ ಬನ್ನಿ. ಉಳಿದಿದ್ದನ್ನೂ ಅವ್ವಂಗೆ ಹೇಳ್ಕೊಡಿ. ಇನ್ನೆಷ್ಟು ನಾಮ ಅವೆ?"

ಆ ಕಾಲದ ಪಟ್ಟಿ ನೂರೈದಕ್ಕೆ ಮುಗಿಯುತ್ತಿತ್ತೆಂಬುದು ಮಾತ್ರ ಲಕ್ಷ್ಮೀಪತಿ ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು.

"ಎಂಬತ್ತೈದು ಸಾರ್," ಎಂದರು.