ಎಡಗೈಯವನೂ ಮುಕಾದಮನ ಮೀಸೆಯೂ

ಮನೆಯಲ್ಲಿ ಟಿವಿ ಇದ್ದವರಿಗೆ ನಗುವ ಪ್ರಸಂಗಗಳು ತಪ್ಪಿದ್ದಲ್ಲ. ಮೊನ್ನೆ ರಿಮೋಟ್ ಕಾಣುತ್ತಿಲ್ಲವೆಂದು ಮನೆಮಂದಿಯೆಲ್ಲ ಹಾಸಿಗೆ ಕೊಡವಿ, ಮಂಚದ ಕೆಳಗೆ ಇಣುಕಿ ಸುಸ್ತಾದರು. ಕೊನೆಗೆ ನೋಡಿದರೆ ಅದು ನನ್ನ ಕೈಯಲ್ಲೇ ಇತ್ತು. ಆದರೆ ಎಂಬತ್ತರ ದಶಕದಲ್ಲಿ, ನಮ್ಮ ಕಡೆ ಟಿವಿ ಹೊಸದಾಗಿ ಬಂದಾಗ, ನಾವು ನಕ್ಕದ್ದಕ್ಕಿಂತ ಬೆರಗಾಗಿ ಬಾಯಿಬಿಟ್ಟು ಕೂತದ್ದೇ ಹೆಚ್ಚು. ಆ ಬೆರಗು ಈಗಿನ ಯಾವ ಟಿವಿಯಲ್ಲೂ ಬರುವುದಿಲ್ಲ.

ನಾನಾಗ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯೂ ಸಾವ್ಕಾರರ ಮನೆಯೂ ಒಂದೇ ಕಂಪೌಂಡಿನೊಳಗಿದ್ದವು. ಸಾವ್ಕಾರರು ಕಪ್ಪು-ಬಿಳುಪಿನ ಟಿವಿಯೊಂದನ್ನು ತಂದು ಪಡಸಾಲೆಯಲ್ಲಿಟ್ಟರು. ರವಿವಾರ ಗಿರಣಿ ಬಂದ್. ಮಧ್ಯಾಹ್ನ ಪರದೇಶದ ಆಟಗಳನ್ನು ತೋರಿಸುವ ಹೊತ್ತಿಗೆ ಚೀಲ ಹೊರುವ ಹಮಾಲರು, ಟ್ರ್ಯಾಕ್ಟರ್ ಡ್ರೈವರು, ನಾನು, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಒಳಗೆ ಹಾಜರಾಗುತ್ತಿದ್ದೆವು. ಕಾಲು ತೊಳೆಯಿರೆಂದು ಯಾರೂ ಹೇಳಿರಲಿಲ್ಲ.

ಮಾಳಿಗೆಯ ಮೇಲಿನ ಪ್ರೇಕ್ಷಕ

ಮೊದಮೊದಲು ಟಿವಿಯಲ್ಲಿ ಬರುತ್ತಿದ್ದುದು ಬರೀ ಚುಕ್ಕಿ. ಚಿತ್ರ ಬರಬೇಕಾದರೆ ಯಾರಾದರೂ ಮಾಳಿಗೆ ಹತ್ತಿ ಅಂಟೆನಾದ ಕಂಬ ತಿರುಗಿಸಬೇಕು. ಮೈ ಹಗುರ ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಮೇಲಿನಿಂದ, "ಬಂತೇನ್ರಿ?" ಎಂದು ಕೂಗಬೇಕು.

"ಬಂತು, ಬಂತು, ಬಂತು... ಹೋತು!"

ನಾನು ಕಂಬ ಹಿಡಿದಿದ್ದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಕೆಳಗಿನಿಂದ ಸಾವ್ಕಾರರು ಬಹಳ ಮರ್ಯಾದೆಯಿಂದ, "ಗುಮಾಸ್ತ್ರ, ಹಂಗಽ ಹಿಡಕೊಂಡು ನಿಂದರ್ರಿ. ಆಟ ಮುಗಿಯೂತನಕ ಅಷ್ಟ" ಎಂದರು. ಕಾರಟಗಿಯ ಬಿಸಿಲು! ಸಾವ್ಕಾರರ ತಾಯಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಕನಿಕರಪಟ್ಟು ಒಂದು ಛತ್ರಿ ಕಳಿಸಿದರು. ನಾನು ಛತ್ರಿ ಬಿಚ್ಚಿದ್ದೇ ತಡ, ಕೆಳಗೆ ಒಂದೇ ಗದ್ದಲ: "ಏನ್ ಮಾಡಿದ್ರಿ? ಕನ್ನಡಿಯಾಗ ಕಂಡಂಗ ಕಾಣಾಕ ಹತ್ತೇತಿ!"

ಛತ್ರಿಯ ಕಡ್ಡಿಗಳ ಮಹಿಮೆ ಇರಬೇಕು. ಅಂದೇ ಅದನ್ನು ಬಿಚ್ಚಿದ ಹಾಗೆಯೇ ಕಂಬಕ್ಕೆ ಕಟ್ಟಿ ನಾನು ಕೆಳಗಿಳಿದೆ. ದಾರಿಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ಮುಂದೆ ಗಂಗಾವತಿಯಲ್ಲಿ ಟಿವಿ ಕೊಂಡ ಸಾವ್ಕಾರರ ಬೀಗರು ಅಂಗಡಿಯವನನ್ನು, "ಇದರ ಛತ್ರಿ ಎಲ್ಲೈತ್ರಿ?" ಎಂದು ಕೇಳಿದರಂತೆ.

ಎತ್ತಿ ನಿಲ್ಲಿಸುವವರು

ಒಂದು ರವಿವಾರ ನಾವು ಎಂದೂ ಕಾಣದ ಆಟ ಬಂತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಉದ್ದನೆಯ ಹಲಗೆಯ ಹಾದಿ. ಅದರ ಕೊನೆಗೆ ಬಾಟಲಿಯ ಆಕಾರದ ಹತ್ತು ಮರದ ಗೂಟ. ಇತ್ತ ಕಡೆಯಿಂದ ಒಬ್ಬ ತಲೆಯಷ್ಟು ದೊಡ್ಡ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಕೆಡವಿದರೆ ನೂರಾರು ಜನ ಎದ್ದು ನಿಂತು ಚಪ್ಪಾಳೆ. ಆಡುವವರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದರು. ಅದೇ ಅವರ ಹೊಟ್ಟೆಪಾಡು ಎಂದು ಸಾವ್ಕಾರರು ಹೇಳಿದಾಗ ಹಮಾಲರು ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು.

ಬಿದ್ದ ಗೂಟಗಳು ಮರುಗಳಿಗೆಗೆ ಸಾಲಾಗಿ ಎದ್ದು ನಿಲ್ಲುತ್ತಿದ್ದುದು ನಮಗೆ ಚೆಂಡಿಗಿಂತ ದೊಡ್ಡ ಪವಾಡ. ಅವ್ವಾರಿಗೆ ಅದೇ ಸಂಕಟ.

"ಪಾಪ, ಒಳಗ ಯಾರೋ ಕುಂತು ಎತ್ತಿ ಎತ್ತಿ ಇಡಾಕ ಹತ್ಯಾರ. ಕೆಡವಿದಾಂವಗ ಚಪ್ಪಾಳಿ. ನಿಂದ್ರಿಸಿದಾಂವಗ ಏನೈತಿ?"

"ಅದು ಮಿಷನ್ ರೀ, ಅವ್ವಾರ," ಎಂದೆ.

ಒಬ್ಬ ಹಮಾಲ ಮೆಲ್ಲಗೆ, "ಹಂತಾ ಮಿಷನ್ನು ಚೀಲಾ ಎತ್ತಾಕ ಬಂದ್ರ ನಾವೆಲ್ಲಿ ಹೋಗೂದ್ರಿ?" ಎಂದ.

ಮಿಷನ್ ಆದರೂ ದುಡಿಯುವುದು ದುಡಿಯುವುದೇ ಎಂದು ಅವ್ವಾರು ತೀರ್ಮಾನಿಸಿದರು. ಗೂಟ ಬಿದ್ದಾಗ ಸುಮ್ಮನಿದ್ದು, ಎದ್ದು ನಿಂತಾಗ "ಭೇಷ್!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅನ್ನ ಕೊಡುವ ಮನೆಯ ಹಿರಿಯರು ತಟ್ಟಿದ ಮೇಲೆ ನಾವು ತಟ್ಟದಿದ್ದರೆ ಹೇಗೆ? ಜಗತ್ತಿನಲ್ಲಿ ಆ ಆಟ ನೋಡಿ ಗೂಟ ನಿಂತದ್ದಕ್ಕೆ ಚಪ್ಪಾಳೆ ಹೊಡೆದವರು ನಾವೊಬ್ಬರೇ ಇರಬೇಕು.

ಮೀಸೆಯ ಮಾತು

ಹಮಾಲರ ಮೇಲ್ವಿಚಾರಕ, ಅಂದರೆ ಮುಕಾದಮ, ಬೇವೂರಿನ ಕಡೆಯವ. ಭಾರಿ ಆಳು, ಮುಖದ ತುಂಬ ಮೀಸೆ, ಹುಟ್ಟಾ ಎಡಚ. ಚೀಲಕ್ಕೆ ಕೊಕ್ಕೆ ಹಾಕುವುದೂ ಎಡಗೈ, ರೊಟ್ಟಿ ಮುರಿಯುವುದೂ ಎಡಗೈ. ಹಬ್ಬಕ್ಕೆ ಅವ್ವಾರು ಸಿಹಿ ಕೊಡುವಾಗ ಆ ಕೈ ಮುಂದೆ ಬಂದರೆ ಮೆಲ್ಲಗೆ ಒಂದು ಬಾರಿಸಿ, "ಬಲಗೈ ಚಾಚೋ ಶಾಣ್ಯಾ" ಎನ್ನುತ್ತಿದ್ದರು. ಅಷ್ಟು ದೊಡ್ಡ ಆಳು ನಾಚಿ ಕೈ ಬದಲಿಸುತ್ತಿದ್ದ.

ಆ ರವಿವಾರ ಟಿವಿಯ ಆಟಗಾರರಲ್ಲಿ ಒಬ್ಬ ಎಡಗೈಯವನಿದ್ದ. ಮುಕಾದಮ ನನ್ನ ತೋಳು ಹಿಡಿದುಕೊಂಡ.

"ಗುಮಾಸ್ತ್ರ, ಅಂವ ಎಡಚ ಅದಾನ ನೋಡ್ರಿ!"

"ಹೌದಲ್ಲೋ."

"ಎಡಗೈಲೆ ಮಾಡಿದ್ದಕ್ಕ ಮಂದಿ ಎದ್ದು ನಿಂತು ಚಪ್ಪಾಳಿ ಬಡ್ಯಾಕ ಹತ್ಯಾರಲ್ರೀ!"

ಅವನು ತನ್ನ ಎಡಗೈಯನ್ನು ತಿರುವಿ ತಿರುವಿ ನೋಡಿಕೊಂಡ.

ಟ್ರ್ಯಾಕ್ಟರ್ ಡ್ರೈವರು ಆಂಧ್ರದಿಂದ ಬಂದು ನೆಲೆಸಿದ ತೆಲುಗರ ಕ್ಯಾಂಪಿನವ, ಕೆಣಕುವುದರಲ್ಲಿ ಎತ್ತಿದ ಕೈ. "ಎಡಗೈಯವರು ಕಡೀಕ ಸೋಲೋದಽ" ಎಂದುಬಿಟ್ಟ. ಮುಕಾದಮ ಎದ್ದು ನಿಂತ. "ಅಂವ ಸೋತ್ರ ಈ ಮೀಸಿ ಬೋಳಸ್ತೀನಿ! ಎಲ್ಲಾರೂ ಕೇಳ್ರಿ!"

ಆಟ ಕೊನೆಯ ಚೆಂಡಿಗೆ ಬಂತು. ಹತ್ತೂ ಬಿದ್ದರೆ ಎಡಗೈಯವನ ಗೆಲುವು, ಒಂದು ನಿಂತರೂ ಸೋಲು. ಚೆಂಡು ಕೈಬಿಟ್ಟಿತು. ಉರುಳಿತು. ಕರೆಂಟ್ ಹೋಯಿತು.

ಅವನು ಗೆದ್ದನೋ ಸೋತನೋ ಹೇಳುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಕೊಪ್ಪಳಕ್ಕೆ ಹೋದಾಗ ಪೇಪರ್ ಓದುವವರನ್ನೆಲ್ಲ ಕೇಳಿದೆ, ಅಂಥದೊಂದು ಆಟ ಇದೆಯೆಂದೇ ಅವರು ನಂಬಲಿಲ್ಲ. ಮುಂದಿನ ರವಿವಾರ ಟಿವಿಯಲ್ಲಿ ಕುದುರೆ ಜಿಗಿದವು. ಡ್ರೈವರು ದಿನಾ ಬೆಳಿಗ್ಗೆ ತನ್ನ ಮೂಗಿನ ಕೆಳಗೆ ಬೆರಳಾಡಿಸುತ್ತ, "ಸುದ್ದಿ ಏನರ ಬಂತೇನು ಮುಕಾದಮ?" ಎನ್ನುತ್ತಿದ್ದ. ತೀರ್ಮಾನವಾಗದ ಮೀಸೆಗೆ ಕತ್ತರಿ ಹಾಕುವುದಿಲ್ಲವೆಂದು ಮುಕಾದಮನ ಹಟ. ಅದು ಬೆಳೆದು ತುಟಿ ಮುಚ್ಚಿತು. ಚಹಾ ಕುಡಿಯುವಾಗ ಎಡಗೈಯಲ್ಲಿ ಕಪ್, ಬಲಗೈಯಲ್ಲಿ ಮೀಸೆ. ಅಂತೂ ಬಲಗೈಗೆ ಒಂದು ಕೆಲಸ ಸಿಕ್ಕಿತು ಎಂದು ಅವ್ವಾರಿಗೆ ಸಮಾಧಾನ.

ನೆದರು

ಆಗ ಟಿವಿಯವರು ತೋರಿಸಿದ್ದನ್ನೇ ಮತ್ತೆ ತೋರಿಸುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಒಂದು ರವಿವಾರ ಅದೇ ಹಲಗೆಯ ಹಾದಿ, ಅದೇ ಎಡಗೈಯವ! ಮುಕಾದಮ ಗೋಡೆಗೆ ಒರಗಿ, ಮೀಸೆ ಮುಚ್ಚಿಕೊಂಡು ಕೂತ.

ಹಿಂದಿನ ಸಲ ಕರೆಂಟ್ ಸುಮ್ಮನೆ ಹೋಗಿರಲಿಲ್ಲ, ದೃಷ್ಟಿ ತಾಗಿತ್ತು ಎಂಬುದು ಅವ್ವಾರ ನಂಬಿಕೆ. "ಇಷ್ಟು ಮಂದಿ ಕಣ್ಣು ಬಿದ್ರ ಆ ಹುಡುಗಗ ನೆದರ ಆಗದ ಇರತೈತೇನು?"

ಕೊನೆಯ ಚೆಂಡು. ಎಡಗೈಯವ ಅದನ್ನು ಗದ್ದಕ್ಕೆ ಹಿಡಿದು ನಿಂತ. ಅಷ್ಟರಲ್ಲಿ ಅವ್ವಾರು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಡಿಗೆಮನೆಯಿಂದ ಬಂದವರೇ ಟಿವಿಯ ಮುಂದೆ ನಿಂತು, ಅದಕ್ಕೆ ಸುತ್ತು ಬರಿಸಿ ನಿವಾಳಿಸತೊಡಗಿದರು!

"ಅವ್ವಾರ, ಸರೀರಿ!"

"ಅವ್ವಾ, ಸರಿಯವ್ವಾ!" ಇದು ಸಾವ್ಕಾರರು.

ನೆದರು ತೆಗೆಯುವುದನ್ನು ನಡುವೆ ಬಿಡುವ ಹಾಗಿಲ್ಲ. ಅವ್ವಾರದು ತುಂಬಿದ ಮೈ. ನಮಗೆ ಕಂಡದ್ದು ಇಳಕಲ್ ಸೀರೆ, ಕೇಳಿದ್ದು ಗೂಟ ಬಿದ್ದ ಸಪ್ಪಳ. ಅವರು ಸರಿದಾಗ ಟಿವಿಯಲ್ಲಿ ಹೆಣ್ಣುಮಗಳೊಬ್ಬಳು ಕೈಮುಗಿದು ಮುಂದಿನ ಕಾರ್ಯಕ್ರಮ ಹೇಳುತ್ತಿದ್ದಳು.

ಮುಕಾದಮ ಅಳುವುದೊಂದು ಬಾಕಿ. "ಅವ್ವಾರ, ಮುಂದ ನೀವಽ ಇದ್ರಿ. ಎಲ್ಲಾ ಬಿದ್ದುವೇನ್ರಿ?"

"ನಾ ಹೆಂಗ ನೋಡ್ಲೋ? ಕಣ್ಣು ಮುಚ್ಚಿ ಹೇಮಗುಡ್ಡದ ತಾಯಿನ್ನ ನೆನಿಯಾಕ ಹತ್ತಿದ್ನೆಲ್ಲ!"

ಡ್ರೈವರು ಎದ್ದ. "ಬ್ಲೇಡು ತರಲೇನು?"

"ನಿಂದ್ರೋ ನೀ," ಎಂದರು ಅವ್ವಾರು. "ಒಲಿ ಹೇಳತೈತಿ. ಇದನ್ನ ಬೆಂಕ್ಯಾಗ ಹಾಕ್ತೀನಿ. ಘಾಟು ಬರಲಿಲ್ಲಂದ್ರ ನೆದರ ಹೋತು, ಹುಡುಗ ಗೆದ್ದ. ಕೆಮ್ಮು ಬಂತಂದ್ರ, ಯಪ್ಪಾ, ನಿನ್ನ ಮೀಸಿ ಹೋತು."

ಎಲ್ಲರೂ ಒಲೆಯ ಮುಂದೆ ನೆರೆದೆವು. ಮೆಣಸಿನಕಾಯಿ ಬೆಂಕಿಗೆ ಬಿದ್ದವು. ಅವೋ ಡ್ರೈವರು ತನ್ನ ಊರಿನಿಂದ ತಂದುಕೊಟ್ಟ ಗುಂಟೂರಿನ ಕೆಂಡದಂಥ ಕಾಯಿ. ಹೊಗೆ ಎದ್ದಿತು. ನನ್ನ ಮೂಗಿನಿಂದ ನೆತ್ತಿಯವರೆಗೆ ಉರಿ. ಮುಕಾದಮನ ಮುಖ ನೋಡಿದೆ. ಬಾಯಿ ಬಿಗಿಹಿಡಿದೆ. ಹಮಾಲರೆಲ್ಲ ಟವೆಲ್ ಕಚ್ಚಿಕೊಂಡರು. ಸಾವ್ಕಾರರು ಉಸಿರು ಬಿಗಿಹಿಡಿದು ಜಂತಿ ನೋಡುತ್ತ ನಿಂತರು. ಅಷ್ಟು ಜನರ ಕಣ್ಣಲ್ಲಿ ಧಾರಾಕಾರ ನೀರು, ಒಬ್ಬರ ಬಾಯಿಂದಲೂ ಕೆಮ್ಮಿಲ್ಲ. ಅಂಥ ಮೌನವನ್ನು ನಾನು ಗುಡಿಯಲ್ಲೂ ಕಂಡಿಲ್ಲ.

ಡ್ರೈವರು ಒಬ್ಬನೇ ಖೊಕ್ ಖೊಕ್ ಎಂದ.

ಅವ್ವಾರು ತಿರುಗಿ ನೋಡಿದರು. "ಅದು ಮೆಣಸಿನಕಾಯಿ ಕೆಮ್ಮಲ್ಲ, ನಿನ್ನ ಬೀಡಿ ಕೆಮ್ಮು. ಎಡಗೈಯಾಂವ ಗೆದ್ದ!"

ಒಳಗಿನಿಂದ ಸಕ್ಕರೆ ತಂದರು. ಮುಕಾದಮ ಈ ಸಲ ತಾನಾಗಿಯೇ ಬಲಗೈ ಚಾಚಿದ. ಅವ್ವಾರು ಅದರ ಮೇಲೆ ಮೆಲ್ಲಗೆ ಬಾರಿಸಿದರು.

"ಇವತ್ತ ಎಡಗೈ ಚಾಚೋ ಶಾಣ್ಯಾ."

ಅವನು ಎಡಗೈ ಚಾಚಿದ. ಸಕ್ಕರೆ ತಕ್ಕೊಂಡು, ಮೀಸೆ ಎತ್ತಿ ಬಾಯಿ ತೆರೆದ. ಅಷ್ಟು ಹೊತ್ತು ತಡೆಹಿಡಿದದ್ದೆಲ್ಲ ಒಮ್ಮೆಲೇ ಹೊರಬಂತು. ಕೆಮ್ಮಿದ ರಭಸಕ್ಕೆ ಸಕ್ಕರೆಯೆಲ್ಲ ಡ್ರೈವರನ ಮುಖದ ಮೇಲೆ! ಮುಕಾದಮ ಗಾಬರಿಯಾಗಿ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ.

ಅವ್ವಾರು ಕಣ್ಣೊರೆಸಿಕೊಂಡು ಎಲ್ಲರ ಕಡೆ ಒಮ್ಮೆ ನೋಡಿದರು. "ಸಕ್ಕರಿ ನೆತ್ತಿಗೇರೇತಿ, ಪಾಪ. ನೀರು ಕೊಡ್ರಿ ಅಂವಗ," ಎಂದರು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡರು: "ನನಗೂ ಒಂದೀಟು ಕೊಡ್ರಿ. ನಾ ಸಕ್ಕರಿ ತಿಂದಿಲ್ಲ, ಆದರೂ ಕೊಡ್ರಿ."