ಜೋಗುಳಕ್ಕೊಂದು ಕೊನೆಯ ಮೆರುಗು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಇದು ವಿನಯದ ಮಾತಲ್ಲ, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದ ಫಲ. ಕಣ್ಣಾರೆ ಕಂಡವನ ಮಾತನ್ನೂ ಅನುಮಾನಿಸಬೇಕು, ಕಂಡವನು ನಮ್ಮವನೇ ಆಗಿದ್ದರೆ ಇನ್ನೂ ಹೆಚ್ಚು ಅನುಮಾನಿಸಬೇಕು ಎಂದು ಕಲಿತೆ. ಆಳಂದದ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಮನೆಯಲ್ಲಿ ಮಾತ್ರ ಈ ವಿದ್ಯೆಯಿಂದ ನಯಾಪೈಸೆ ಉಪಯೋಗವಿಲ್ಲ. ಬೇರೆಯವರು ಕನ್ನಡಕ ಎಲ್ಲಿಟ್ಟೆನೋ ನೆನಪಿಲ್ಲ ಎನ್ನುತ್ತಾರೆ. ನಾನು ಆಧಾರಗಳು ಸಾಲವು ಎನ್ನುತ್ತೇನೆ. ಕನ್ನಡಕ ಇಬ್ಬರಿಗೂ ಸಿಗುವುದಿಲ್ಲ.

ಇಂಥವನಿಗೆ ಹಾಡು ರೆಕಾರ್ಡ್ ಮಾಡುವ ಹುಚ್ಚು. ಹಿಂದಿನ ಕೋಣೆಯ ಗೋಡೆಗೆ ಹಳೆಯ ಕೌದಿಗಳನ್ನು ತೂಗುಹಾಕಿ ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದೇನೆ. ಹೆಂಡತಿ ಗೀತಾ ಅದನ್ನು ಹಾಸಿಗೆ ಕೋಣೆ ಎಂದೇ ಕರೆಯುತ್ತಾಳೆ. ಎಲ್ಲವೂ ಸುಖವಾಗಿಯೇ ಇತ್ತು, ಅಫಜಲಪುರದಿಂದ ದೊಡ್ಡವ್ವನ ಫೋನು ಬರುವವರೆಗೆ. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಕೂಸಿಗೆ ಹೆಸರಿಡುವ ತೊಟ್ಟಿಲಾದರೂ ಜೋಗುಳ ಹಾಡುವವಳು ನನ್ನ ತಾಯಿಯ ಅಕ್ಕ, ಈ ದೊಡ್ಡವ್ವ. ಈಚೆಗೆ ಗಂಟಲಿನ ಆಪರೇಷನ್ ಆಗಿ ಅವಳ ದನಿ ಹೊರಟುಹೋಗಿದೆ, ಪಿಸುಮಾತಷ್ಟೇ ಉಳಿದಿದೆ. ಅಂಥ ಹೊತ್ತಿನಲ್ಲೇ ಸ್ವಂತ ಮೊಮ್ಮಗಳ ತೊಟ್ಟಿಲು ಬಂದಿತ್ತು.

“ನಿನ್ನ ಮಗಳ ತೊಟ್ಟಿಲದಾಗ ಹಾಡಿದ್ದು ನಿನ್ನ ಡಬ್ಬಿಯೊಳಗ ಅದನಲ್ಲೋ ತಮ್ಮಾ,” ಎಂದು ಪಿಸುಗುಟ್ಟಿದಳು. “ಅದನ್ನ ಮೈಕಿನ್ಯಾಗ ಹಚ್ಚಾಣು. ಜರಾ ಛಂದ ಮಾಡಿ ತೊಗೊಂಡು ಬಾ.”

ಛಂದ ಮಾಡುವ ಈ ಕೆಲಸಕ್ಕೆ ಮಾಸ್ಟರಿಂಗ್ ಎನ್ನುತ್ತಾರೆ. ರೆಕಾರ್ಡಾದ ಹಾಡಿಗೆ ಕೊನೆಯ ಮೆರುಗು ಕೊಟ್ಟು, ಮೊಬೈಲಿನಲ್ಲಾಗಲಿ ಮೈಕಿನಲ್ಲಾಗಲಿ ಹದವಾಗಿ ಕೇಳುವಂತೆ ಮಾಡುವುದು. ದೊಡ್ಡ ಊರುಗಳಲ್ಲಿ ಇದಕ್ಕೆಂದೇ ಕಿವಿ ಪಳಗಿದವರು ಇರುತ್ತಾರೆ. ನನ್ನಂಥವರಿಗೆ ಅಗ್ಗದ ಸಾಫ್ಟ್‌ವೇರುಗಳಿವೆ, ಅಗ್ಗದವೇ ನೂರಾರಿವೆ. ಒಂದು ಪುಕ್ಕಟೆ, ಆದರೆ ಅದರ ಗುಂಡಿಗಳನ್ನು ನೋಡಿದರೆ ವಿಮಾನ ಹಾರಿಸಲು ಕೂತಂತಾಗುತ್ತದೆ. ಇನ್ನೊಂದರ ನಮೂನೆ ಪುಕ್ಕಟೆ, ಆದರೆ ದುಡ್ಡು ಕೊಡುವ ತನಕ ಹಾಡಿನ ನಡುನಡುವೆ ಕುಂಯ್ ಎನ್ನುತ್ತಿರುತ್ತದೆ. ಮಗು ಮಲಗಿಸುವ ಹಾಡಿಗೆ ಅದು ಹೊಂದದು. ಮೂರನೆಯದಕ್ಕೆ ಹಾಡು ಕಳಿಸಿದರೆ ಚಹಾ ಕುಡಿಯುವಷ್ಟರಲ್ಲಿ ತಾನೇ ತಿದ್ದಿ ವಾಪಸ್ ಕೊಡುತ್ತದೆ, ಬಾಡಿಗೆ ಮನೆಯ ಹಾಗೆ ತಿಂಗಳು ತಿಂಗಳು ಕಟ್ಟಬೇಕು. ಯಾವುದು ಒಳ್ಳೆಯದೆಂದು ಗೊತ್ತಾಗಲು ಒಂದನ್ನು ಕೇಳಿ, ಅದನ್ನು ನೆನಪಿಟ್ಟುಕೊಂಡು, ಇನ್ನೊಂದನ್ನು ಕೇಳಬೇಕು. ನನ್ನ ಸಂಕಟ ನಿಮಗೆ ಅರ್ಥವಾಗಿರಬಹುದು.

ಶಾಸ್ತ್ರೀಯವಾಗಿ ಪರೀಕ್ಷೆ ಮಾಡೋಣವೆಂದು ನಾನು ಗೋಡೆಗೆ ಮುಖಮಾಡಿ ಕೂತೆ. ಗೀತಾ ಎರಡು ಸಾಫ್ಟ್‌ವೇರುಗಳು ತಿದ್ದಿದ ಜೋಗುಳವನ್ನು ಒಂದಾದ ಮೇಲೊಂದು ಹಚ್ಚಿದಳು. ಎರಡನೆಯದರಲ್ಲಿ ಆಳವಿದೆ, ಮೊದಲನೆಯದು ತೆಳು ಎಂದೆ.

“ಎರಡೂ ಒಂದೇ ರೀ,” ಎಂದಳು. “ಒಲಿ ಮ್ಯಾಲ ಹಾಲು ಇಟ್ಟೇನಿ, ಬದಲ್ ಮಾಡಾಕ ಪುರಸೊತ್ತು ಆಗಲಿಲ್ಲ.”

ಹಾಡಿನ ನಡುವೆ ಒಂದು ಕಡೆ ದಬ್ ಎಂಬ ಸದ್ದಿತ್ತು, ಅದರ ಹಿಂದೆಯೇ ಯಾರದೋ ಕೂಗು, ಗದ್ದಲ. ಪ್ರತಿಯೊಂದು ಸಾಫ್ಟ್‌ವೇರೂ ಅಲ್ಲಿಗೆ ಬಂದ ಕೂಡಲೇ ಬೆದರಿ ಇಡೀ ಹಾಡಿನ ದನಿಯನ್ನು ಕುಗ್ಗಿಸಿಬಿಡುತ್ತಿತ್ತು. ಅದು ಬಾಗಿಲು ಬಡಿದದ್ದು ಎಂದೆ. ಗೀತಾ, “ಬಾಗಿಲಾ ಅಲ್ಲ, ಬೆನ್ನಿಗೆ ಗುದ್ದಿದ್ದು,” ಎಂದಳು. ತೊಟ್ಟಿಲಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದೂ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದೂ ನಮ್ಮಲ್ಲಿ ಪದ್ಧತಿ. ಆದರೆ ಗುದ್ದೆಲ್ಲ ಮುಗಿದ ಮೇಲಲ್ಲವೇ ಜೋಗುಳ? ನೆನಪು ಸಾಕ್ಷಿಯಾಗಲಾರದು ಎಂದು ಅವಳಿಗೆ ಸಣ್ಣ ಉಪನ್ಯಾಸ ಕೊಟ್ಟೆ. ನನ್ನ ಬಾಗಿಲೂ ನೆನಪಿನದೇ ಎಂಬುದು ಆಗ ಹೊಳೆಯಲಿಲ್ಲ. ಆ ತುಣುಕನ್ನು ಕತ್ತರಿಸಿ, ಮೂಲ ಫೈಲಿನ ಮೇಲೆಯೇ ಸೇವ್ ಮಾಡಿ, ಅದರಿಂದ ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಇದೇ’ ಎಂದು ಏಳು ಪ್ರತಿ ಮಾಡಿದೆ. ಸೋತು ಸುಣ್ಣವಾಗಿ, ಯಾವುದೋ ಒಂದನ್ನು ಹಿಡಿದು ತೊಟ್ಟಿಲಿನ ಹಿಂದಿನ ದಿನ ಅಫಜಲಪುರದ ಬಸ್ಸು ಹತ್ತಿದೆವು.

ದೊಡ್ಡವ್ವ ಹೆಡ್‌ಫೋನನ್ನು ಸೆರಗಿನ ಮೇಲೆಯೇ ಹಾಕಿಕೊಂಡು ಕಣ್ಣುಮುಚ್ಚಿ ಕೇಳಿದಳು.

“ರೇಡಿಯೋದಾಗ ಬಂದಂಗ ಅದ,” ಎಂದಳು. ನಾನು ಹಿಗ್ಗಿದೆ. “ಮತ್ತ ಕಾಶಿ ಎಲ್ಲಿ?”

ಕಾಶವ್ವ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಒಂದೇ ಒಲೆಯ ಮುಂದೆ ಜಗಳಾಡುತ್ತ ಇಬ್ಬರೂ ಮುದುಕಿಯರಾಗಿದ್ದರು. ಕಾಶವ್ವ ಹೋದ ವರ್ಷ ತೀರಿಕೊಂಡಿದ್ದಳು.

“ಕಾಶವ್ವ ಯಾಕಿರ್ತಾಳ ದೊಡ್ಡವ್ವಾ? ಹಾಡಿದಾಕಿ ನೀನು.”

“ಆಕಿ ತಡಾ ಮಾಡಿ ಬಂದಿದ್ಳಲ್ಲೋ. ಹಾಡಿನ ನಡುವ ಬಂದು, ‘ನಂದೊಂದು ಉಳದದ ತಡಿ ಬೇ’ ಅಂತ ನಿನ್ನ ತಂಗಿ ಬೆನ್ನಿಗೆ ಗುದ್ದಿದ್ಳು. ನನಗ ನಗಿ ಬಂದು ಹಾಡು ತಪ್ತು.” ಹೆಡ್‌ಫೋನು ತೆಗೆದು ನನ್ನ ಕೈಗಿಟ್ಟಳು. “ನನ್ನ ದನಿ ಹೋದ್ರ ಹೋಗವಲ್ದ್ಯಾಕ, ನಾ ಇನ್ನಾ ಇದ್ದೇನಿ. ಆಕಿ ದನಿ ಇನ್ನೆಲ್ಲೂ ಇಲ್ಲೋ ತಮ್ಮಾ.”

ಲ್ಯಾಪ್‌ಟಾಪ್ ತೆಗೆದು ಏಳನ್ನೂ ಹುಡುಕಿದೆ. ಏಳರಲ್ಲೂ ಕಾಶವ್ವ ಇರಲಿಲ್ಲ. ಯಾವ ದಾಖಲೆಯನ್ನೂ ನಾಶ ಮಾಡಬಾರದು ಎಂದು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ಬರೆಯುವ ಮನುಷ್ಯ ನಾನು. ದೊಡ್ಡವ್ವ ಬಯ್ಯಲಿಲ್ಲ. ಬೈದಿದ್ದರೆ ಅಷ್ಟಾದರೂ ಹಗುರಾಗುತ್ತಿತ್ತು.

ಆಗ ಗೀತಾ ತನ್ನ ಫೋನು ತೆಗೆದಳು. “ನಮ್ಮ ತೊಟ್ಟಿಲದ ದಿನಾನೇ ನಮ್ಮವ್ವಗ ಕಳಿಸಿದ್ದ ಹಾಡು ಇದರಾಗ ಹಂಗೇ ಅದ ಅತ್ತೀ. ಇವರ ಕೈಯಾಗ ಸಿಕ್ಕದ್ದು ಉಳೀತದಂತ ನನಗ ಯಾವತ್ತೂ ಭರೋಸಾ ಇಲ್ಲ.”

ಮರುದಿನ ತೊಟ್ಟಿಲಲ್ಲಿ ಅದನ್ನೇ ಹಚ್ಚಿದರು. ದನಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಹಿಂದೆ ಫ್ಯಾನಿನ ಗೊರಗೊರ. ನಡುವೆ ದಬ್ ಎಂದಿತು. “ನಂದೊಂದು ಉಳದದ ತಡಿ ಬೇ!” ಎಂದು ಕಾಶವ್ವ ಮೈಕಿನಲ್ಲಿ ಗದರಿದಳು. ಎಲ್ಲರೂ ಮೈಕಿನ ಕಡೆ ತಿರುಗಿದರು. ಆಮೇಲೆ ಯಾರೋ ನಕ್ಕರು. ಹೆಂಗಸರೆಲ್ಲ ಎದ್ದು ಕೂಸಿನ ಸೋದರತ್ತೆಗೆ, ಅಂದರೆ ದೊಡ್ಡವ್ವನ ಮಗಳಿಗೆ, ಇನ್ನೊಂದು ಸುತ್ತು ಗುದ್ದಿದರು. ದೊಡ್ಡವ್ವ ತೊಟ್ಟಿಲ ಹಗ್ಗ ಹಿಡಿದು ಹಾಡಿನ ಜೊತೆ ತುಟಿ ಆಡಿಸುತ್ತಿದ್ದಳು. ನಗು ಬಂದು ಹಾಡು ತಪ್ಪುವ ಜಾಗದಲ್ಲಿ ಸರಿಯಾಗಿ ನಕ್ಕಳು.

ಮೈಕ್‌ಸೆಟ್ಟಿನವನು ಹತ್ತಿರ ಬಂದು, “ದನಿ ಭಾಳ ಖುಲ್ಲಾ, ಸಾಫ್ ಬಂದದ್ರಿ ಸರ್. ಯಾವ ಸಾಫ್ಟ್‌ವೇರಿನ್ಯಾಗ ಮಾಡೀರಿ?” ಎಂದ. ನಾನು ಗಂಟಲು ಸರಿಮಾಡಿಕೊಂಡು ಮೂರನೆಯದರ ಹೆಸರು ಹೇಳಿದೆ. ಗೀತಾ ಇತ್ತ ನೋಡಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುರುಪು ಬಂದು ನನಗೂ ಎಲ್ಲ ನೆನಪಾಗತೊಡಗಿತು. ಮಗಳ ತೊಟ್ಟಿಲು ಕಟ್ಟಿದ್ದ, ಜೇವರ್ಗಿಯಲ್ಲಿನ ಗೀತಾಳ ತವರುಮನೆಯ ಪಡಸಾಲೆ, ಕಾಶವ್ವನ ಹಸಿರು ಸೀರೆ, ಅವಳು ಅವಸರದಿಂದ ಒಳಗೆ ಬಂದದ್ದು. ನಾನೂ ಪೂರ್ತಿ ತಪ್ಪಿರಲಿಲ್ಲ, ಅವಳು ಬಂದಾಗ ಹಿಂದೆ ಬಾಗಿಲೂ ದಡಾರನೆ ಬಡಿದಿತ್ತು, ಈಗಲೂ ಕಿವಿಯಲ್ಲಿದೆ ಎಂದೆ.

ಗೀತಾ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: “ನಮ್ಮ ಪಡಸಾಲಿಗಿ ಬಾಗಿಲಾನೇ ಇಲ್ಲ ರೀ.”