ಹುಳ ಬಿಟ್ಟುಹೋದ ಹಾಳೆ

ನಮ್ಮ ದೊಡ್ಡಮ್ಮನಿಗೆ ಇಂಗ್ಲೆಂಡಿನಲ್ಲಿ ಒಬ್ಬ ಜನ್ಮವೈರಿ ಇದ್ದಾನೆ ಅಂದರೆ ನೀವು ನಂಬಲಿಕ್ಕಿಲ್ಲ. ಅವನು ಸತ್ತು ಶತಮಾನಗಳೇ ಆಗಿವೆ ಅಂದರೆ ಇನ್ನೂ ನಂಬಲಿಕ್ಕಿಲ್ಲ!

ದೊಡ್ಡಮ್ಮ ಮೈಸೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ನಿವೃತ್ತಿಯವರೆಗೂ ಹರಿದ ಪುಸ್ತಕಗಳಿಗೆ ಬೈಂಡ್ ಹಾಕಿದವರು. ಸುಮ್ಮನಿರಲಾರದೆ ನಾನೇ ಒಂದು ದಿನ ರಾಜೀವನಗರದ ಅವರ ಮನೆಯ ಲ್ಯಾಪ್‌ಟಾಪ್ ತೆರೆದು, ಇಂಗ್ಲೆಂಡಿನ ಲೈಬ್ರರಿಯೊಂದು ಜಾಲತಾಣದಲ್ಲಿ ಹಾಕಿದ್ದ ಹಳೆಯ ಹಸ್ತಪ್ರತಿಯ ಚಿತ್ರಗಳನ್ನು ತೋರಿಸಿದೆ. ಯಾವ ರಾಜ ಸತ್ತ, ಎಲ್ಲಿ ಯುದ್ಧವಾಯಿತು ಎಂದು ಅಲ್ಲಿನ ಸನ್ಯಾಸಿಗಳು ವರ್ಷವರ್ಷವೂ ಬರೆದಿಟ್ಟ ವೃತ್ತಾಂತ ಅದು. ಹಾಳೆಗಳು ಕರುವಿನ ಚರ್ಮದವು ಎಂದದ್ದೇ ತಡ, ದೊಡ್ಡಮ್ಮ ಎದ್ದು ಹೋಗಿ ಕೈ ತೊಳೆದು ಬಂದರು. ಮುಟ್ಟಿದ್ದು ಲ್ಯಾಪ್‌ಟಾಪು!

ಪುಸ್ತಕ ಮಠದಿಂದ ಯಾರೋ ಸಾಹುಕಾರನ ಮನೆ ಸೇರಿದ ಕಥೆ ಹೇಳಿ, ಅಂಚಿನಲ್ಲಿ ಯಾರೋ ಬರೆದಿಟ್ಟ ಹೆಸರನ್ನೂ ತೋರಿಸಿದೆ.

"ಮಠದ ಪುಸ್ತಕ ಹೊಡ್ಕೊಂಡು ಅವ್ನು ಉದ್ಧಾರ ಆದ್ನಾ?" ಎಂದವರು ಪರದೆಗೆ ಮೂಗು ತಾಗಿಸಿ ಕಿರುಚಿದರು. "ಅಯ್ಯೋ! ಬೈಂಡ್ ಹಾಕ್ದೋನು ಅಂಚು ಕತ್ತರಿಸ್ಬುಟ್ಟಿದಾನೆ ಕಣೇ! ಯಾರೋ ಬರೆದಿಟ್ಟಿದ್ದ ಹೆಸ್ರು ಅರ್ಧ ಹೋಯ್ತಲ್ಲೇ!"

ವೈರಿ ಹುಟ್ಟಿದ್ದು ಆಗಲೇ. ಅಂದಿನಿಂದ ತಿಂಡಿಗೆ ಮುಂಚೆ ಆ ಬೈಂಡರನಿಗೆ ದಿನವೂ ಸಹಸ್ರನಾಮ!

"ಅವ್ನು ಸತ್ತು ಬಚಾವಾದ ಬುಡು," ಎಂದರು ದೊಡ್ಡಪ್ಪ, ಪೇಪರಿನಿಂದ ತಲೆಯೆತ್ತದೆ.

ಇಂಗ್ಲಿಷ್ ಬಾರದ ದೊಡ್ಡಮ್ಮ ತಿಂಗಳಿಡೀ ಆ ಪುಸ್ತಕ ಓದಿದರು. ಅಕ್ಷರಗಳನ್ನಲ್ಲ, ಕಲೆ, ಹೊಲಿಗೆ, ಹುಳದ ತೂತುಗಳನ್ನು. ಒಂದು ಸಂಜೆ ಫೋನು. "ಈ ಹಾಳೇಲಿ ತೂತಿದೆ, ಮುಂದಿನದ್ರಲ್ಲಿಲ್ಲ, ಅದರ ಮುಂದಿನದ್ರಲ್ಲಿ ಅದೇ ಜಾಗದಲ್ಲಿದೆ. ಹುಳ ಏನು ಬಸ್ ಇಳಿದು ಮುಂದಿನ ಸ್ಟಾಪಲ್ಲಿ ಹತ್ತಿತಾ? ಆ ನಡುವಿನ ಹಾಳೆ ಅಲ್ಲೀದೇ ಅಲ್ಲ! ಅವ್ರಿಗೆ ಬರಿ."

"ಅವರೆಲ್ಲ ದೊಡ್ಡ ವಿದ್ವಾಂಸರು, ದೊಡ್ಡಮ್ಮ."

"ವಿದ್ವಾಂಸರು ಓದ್ತಾರೆ ಕಣೇ, ಹೊಲೀತಾರಾ?"

ನಾಚಿಕೆಯಿಂದಲೇ ಬರೆದೆ. ಮೂರು ವಾರಕ್ಕೆ ಉತ್ತರ ಬಂತು. ಅವರು ಮೂಲಪ್ರತಿಯನ್ನೇ ತೆಗೆದು ನೋಡಿದ್ದರು. ಆ ಹಾಳೆಯ ಹಳೆಯ ಹೊಲಿಗೆಯ ತೂತುಗಳೂ ಅಕ್ಕಪಕ್ಕದವಕ್ಕೆ ಹೊಂದುತ್ತಿರಲಿಲ್ಲ. ಬೇರೆಡೆಯ ಹಾಳೆಯನ್ನು ಯಾರೋ ಅಲ್ಲಿ ಸೇರಿಸಿ ಹೊಲಿದಿದ್ದರು. ಪುಸ್ತಕದ ದಾಖಲೆಯಲ್ಲಿ ಇದನ್ನು ಬರೆದಿಡುತ್ತೇವೆ, ಕಂಡುಹಿಡಿದವರ ಪೂರ್ಣ ಹೆಸರು ತಿಳಿಸಿ ಎಂದು ಕೇಳಿದ್ದರು.

ಓಡಿಹೋಗಿ ಓದಿ ಹೇಳಿದೆ. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಏನಂತ ಬರೀತೀಯೇ? ನಿಮ್ಮ ದೊಡ್ಡಪ್ಪನ ಹೆಸರೂ ಸೇರಿಸ್ಬೇಕಲ್ವಾ?"

ದೊಡ್ಡಪ್ಪ ಪೇಪರು ಮಡಿಸಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಒಂದು ಚೀಟಿಯಲ್ಲಿ ದೊಡ್ಡಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಕ್ಷರಗಳಲ್ಲಿ ಬರೆದು ನನ್ನ ಕೈಗಿಟ್ಟರು.

"ನನ್ ಹೆಸ್ರು ಬೇಡ ಕಣಮ್ಮ. ಇದು ಅವಳ ಕೆಲ್ಸ. ಸ್ಪೆಲಿಂಗ್ ನೋಡ್ಕೊಂಡು ಹಾಕು."

ದೊಡ್ಡಮ್ಮ ನನ್ನ ಕೈಯಿಂದ ಆ ಚೀಟಿ ತೆಗೆದುಕೊಂಡು, ಹೆಸರಿನ ಸುತ್ತ ಅಂಚು ಸಾಕಷ್ಟು ಬಿಟ್ಟಿದೆಯೇ ಎಂದು ಬೆರಳಿಟ್ಟು ಅಳೆದು ನೋಡಿದರು.